ಬತ್ತಿದ ಕೆರೆಯ ವಿಚಾರಣೆ

ಒಂದು ಕೆರೆಯಲ್ಲಿ ಹಾಡುಗಳು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅಧಿಕಾರ ಕೊಕ್ಕರೆಯದಾಗಿತ್ತು. ಸುಳ್ಳು ಹಾಡಿದವರನ್ನು ನುಂಗುವುದು ಅಲ್ಲಿನ ಪದ್ಧತಿಯಾದ್ದರಿಂದ ಕೊಕ್ಕರೆ ಆ ಕೆಲಸದಲ್ಲಿ ಎಂದೂ ಆಲಸ್ಯ ತೋರಿದ್ದಿಲ್ಲ.

ಒಂದು ಸಂಜೆ ಕಪ್ಪೆ ಹಾಡಿತು: “ನನ್ನವ್ವ ಬತ್ತಿದ ಕೆರೆ. ನನ್ನ ಕಾಲುಗಳು ಈಗಲೂ ಅತ್ತಲೇ ನೆಗೆಯುತ್ತವೆ.”

“ನಿನ್ನವ್ವ ಕೆರೆಯಲ್ಲ, ಕಪ್ಪೆ,” ಎಂದಿತು ಕೊಕ್ಕರೆ. “ನನಗೆ ಚೆನ್ನಾಗಿ ಗೊತ್ತು. ತಿಂದದ್ದು ನಾನೇ.”

“ಹೌದು ಸ್ವಾಮಿ. ಆದರೂ ಹಾಡು ನಿಜ.”

ನುಂಗುವ ಮುನ್ನ ಸಾಕ್ಷಿ ಕೇಳಬೇಕೆಂಬ ನಿಯಮವಿತ್ತು. ಕೊಕ್ಕರೆ ದಡದಲ್ಲಿ ಮಲಗಿದ್ದ ಎಮ್ಮೆಯತ್ತ ತಿರುಗಿತು. “ಏನಮ್ಮಾ, ಇದು ಸುಳ್ಳು ತಾನೆ?”

ಎಮ್ಮೆ ಮೆಲುಕು ನಿಲ್ಲಿಸಿತು. “ನನ್ನನ್ನು ಸಂತೆಗೆ ಹೊಡೆದುಕೊಂಡು ಹೋದ ದಿನ ನಮ್ಮವ್ವ ಗೂಟ ಕಿತ್ತುಕೊಂಡು ಹಿಂದೆ ಓಡಿ ಬಂದಿದ್ದಳು. ಅದನ್ನು ನಾನು ಈ ಕಪ್ಪೆಗೆ ಹೇಳಿಯೇ ಇರಲಿಲ್ಲ.”

ಕೊಕ್ಕರೆ ದಡದ ಹುಲ್ಲಿನ ಮೇಲಿದ್ದ ಇರುವೆಯನ್ನು ಕೇಳಿತು. ಇರುವೆಗೆ ನೀರೆಂದರೇ ಭಯ.

“ನಾನು ಯಾವ ಕೆರೆಗೂ ಇಳಿದವಳಲ್ಲ,” ಎಂದಿತು ಇರುವೆ. “ಆ ಬತ್ತಿದ ಕೆರೆಯಲ್ಲಿ ಮಾತ್ರ ಈಗಷ್ಟೇ ಮುಳುಗಿ ಎದ್ದೆ.”

ಸಾಕ್ಷಿಗಳು ಕೈಕೊಟ್ಟ ಮೇಲೆ ಕೊಕ್ಕರೆ ತಾನೇ ತೀರ್ಪು ಕೊಡಲು ಕೊಕ್ಕು ತೆರೆಯಿತು. ಆದರೆ ಅದರ ಕುತ್ತಿಗೆ ಕಪ್ಪೆಯತ್ತ ಬಗ್ಗಲಿಲ್ಲ. ತಾನು ಮೊಟ್ಟೆಯೊಡೆದು ಬಂದ, ಈಗ ಕಡಿದುಹಾಕಿರುವ ಮರವಿದ್ದ ದಿಕ್ಕಿಗೆ ತಿರುಗಿ ನಿಂತುಬಿಟ್ಟಿತು.

“ಸುಳ್ಳೇ,” ಎಂದಿತು ಕೊನೆಗೆ, ಬಹಳ ಮೆಲ್ಲಗೆ. “ಆದರೆ ಈ ಸುಳ್ಳಿಗೆ ನನ್ನವ್ವನ ವಿಷಯ ಹೇಗೆ ತಿಳಿಯಿತು?”