ನಾಲ್ಕೂವರೆ ಸಿಸಿಯ ಅಕ್ಕ

"ಮತ್ತೆ ನಡುವೆ ಬಾಯಿ ಹಾಕಿದೆಯಾ? ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕು ಅಂತ ನಿನಗೆ ಯಾರೂ ಕಲಿಸಲಿಲ್ಲವಾ?" ಎಂದು ಅಂಗಡಿಯ ಗಾಜಿನ ಕಪಾಟಿನಲ್ಲಿದ್ದ ದೊಡ್ಡ ನೈಟ್ರೋ ಎಂಜಿನ್, ಮೇಜಿನ ಮೇಲಿದ್ದ ರಿಮೋಟ್ ಆಟಿಕೆ ಲಾರಿಯನ್ನು ಗದರಿತು.

ಲಾರಿಯ ಹಳೆಯ ಎಂಜಿನ್ ಕೆಟ್ಟಿತ್ತು. ಭಾನುವಾರದ ಓಟಕ್ಕೆ ಹೊಸದು ಬೇಕಿತ್ತು. ಲಾರಿಗೆ ಯಾವುದು ಹೊಂದುತ್ತದೆ ಎಂಬುದೊಂದನ್ನು ಬಿಟ್ಟು ಕಪಾಟಿನಲ್ಲಿ ಬೇರೆಲ್ಲ ಮಾತೂ ನಡೆದಿತ್ತು.

"ನಾನು ಎರಡೂವರೆ ಸಿಸಿ, ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು, ಒಂದು ಹಾರ್ಸ್‌ಪವರ್," ಎಂದಿತು ಚಿಕ್ಕ ಎಂಜಿನ್.

"ಅದನ್ನು ಇಷ್ಟು ಜೋರಾಗಿ ಹೇಳಿಕೊಳ್ಳುತ್ತಾರಾ? ನಾನು ನಾಲ್ಕೂವರೆ ಸಿಸಿ, ಇಪ್ಪತ್ತೆಂಟು ಸಾವಿರ, ಮೂರು ಹಾರ್ಸ್‌ಪವರ್!" ಎಂದಿತು ದೊಡ್ಡ ಎಂಜಿನ್.

"ಅಕ್ಕಾ, ನನ್ನ ಗೇರಿನ ಹಲ್ಲು ಪ್ಲಾಸ್ಟಿಕ್ಕಿನದು..." ಎಂದಿತು ಲಾರಿ.

"ಶ್! ಗಿರಾಕಿ ಬಂದ."

ಬಂದವನು ಲಾರಿಯ ಯಜಮಾನ ವಾದಿರಾಜ. "ಪಕ್ಕದ ಮನೆಯವರ ಲಾರಿಯದಕ್ಕಿಂತ ದೊಡ್ಡ ಎಂಜಿನ್ ಕೊಡಿ," ಎಂದ. ಬೆಲೆ ಕೇಳಿ ಇನ್ನೂ ಹಿಗ್ಗಿದ. ದೊಡ್ಡ ಎಂಜಿನ್ ಲಾರಿಯೊಳಗೆ ಕೂತಿತು.

ಭಾನುವಾರ ಸೀಟಿ ಊದಿದ್ದೇ ತಡ, ದೊಡ್ಡ ಎಂಜಿನ್ ಮೈದಾನವೆಲ್ಲ ನಡುಗುವಂತೆ ಅಬ್ಬರಿಸಿತು. ಗೇರಿನ ಹಲ್ಲುಗಳು ಒಂದೂ ಉಳಿಯದೆ ಉದುರಿದವು. ಲಾರಿ ಹೊರಡುವ ಗೆರೆಯ ಮೇಲೆಯೇ ನಿಂತಿತು. ಪಕ್ಕದ ಮನೆಯವರ ಲಾರಿ ತನ್ನ ಚಿಕ್ಕ ಎಂಜಿನ್ ಹೊತ್ತುಕೊಂಡು ಒಂದು ಸುತ್ತು ಮುಗಿಸಿ, ಇವರ ಮುಖಕ್ಕೆ ಧೂಳೆರಚಿ ಹೋಯಿತು.

"ನೋಡಿದೆಯಾ ನನ್ನ ಶಕ್ತಿ? ನಿನ್ನ ಹಲ್ಲನ್ನೇ ಉದುರಿಸಿಬಿಟ್ಟೆ!" ಎಂದಿತು ದೊಡ್ಡ ಎಂಜಿನ್, ಹೊಗೆ ಬಿಡುತ್ತ.

ಈಗ ಲಾರಿಗೆ ಸುಮ್ಮನಿರು ಎನ್ನುವವರು ಯಾರೂ ಇರಲಿಲ್ಲ. ಅದು ಒಂದೇ ಒಂದು ಮಾತು ಕೇಳಿತು.

"ನೋಡಿದೆ ಅಕ್ಕಾ. ಇಷ್ಟೊಂದು ಶಕ್ತಿ ಇಟ್ಟುಕೊಂಡು ನಾವಿಬ್ಬರೂ ಎಷ್ಟು ದೂರ ಬಂದೆವು?"