ಬಳೆಗಾರನಿಗೆ ಪೈಲ್ವಾನ ಏನಂದ?

ಹೊಳೆ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಅಡವಯ್ಯ ಅಂತ ಗುರುಗಳು. ವ್ಯಾಕರಣ ಹೇಳಿಕೊಡುವವರು. ವ್ಯಾಕರಣ ಅಂದಕೂಡಲೇ ಪುಟ ಮಗುಚಬೇಡಿ, ಅವರ ಬಾಯಲ್ಲಿ ಅದು ಕಥೆಗಿಂತ ರುಚಿ.

ಶಿಷ್ಯರಲ್ಲಿ ಹಿರಿಯ ಓಂಕಾರ. ಚಿಕ್ಕವರಿಗೆ ಪಾಠ ಹೇಳುವವನೂ ಅವನೇ, ನಾಟಕ ಬರೆದು ಆಡಿಸುವವನೂ ಅವನೇ.

ಆ ಸಲ ಅವನು ಬರೆದದ್ದು ಒಂದು ನಗೆನಾಟಕ. ಬಳೆಗಾರನೊಬ್ಬ ಊರಿನ ಪೈಲ್ವಾನನಿಗೆ ಮನಸೋಲುತ್ತಾನೆ. ಓಂಕಾರನೇ ಬಳೆಗಾರ. ಸೊಂಟ ಕುಣಿಸಿ, ಕಣ್ಣು ಮಿಟುಕಿಸಿ, "ನಾನು ನಿನಗೆ ಒಲಿದೆ" ಅಂದ. ಪೈಲ್ವಾನ ಒಂದು ಗುದ್ದು ಗುದ್ದಿದ. ಪರದೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು.

ಪಕ್ಕದಲ್ಲಿ ಮದ್ದಳೆ ನುಡಿಸುತ್ತಿದ್ದ ಇನ್ನೊಬ್ಬ ಶಿಷ್ಯ ಚನ್ನವೀರನ ಕೈ ಮಾತ್ರ ನಡುವೆಯೇ ನಿಂತುಹೋಗಿತ್ತು.

ಬೆಳಿಗ್ಗೆ ಅವನು ಬಟ್ಟೆಗಂಟು ಹಿಡಿದು ಗುರುಗಳ ಮುಂದೆ ನಿಂತ.

"ಅಪ್ಪಣೆ ಕೊಡಿ ಗುರುಗಳೇ. ಹೊರಟೆ."

"ಯಾಕಪ್ಪಾ, ಇಲ್ಲಿಯ ಊಟ ಸೇರಲಿಲ್ಲವಾ?"

"ನಿನ್ನೆ ಊರೆಲ್ಲ ನಕ್ಕದ್ದು ನನ್ನನ್ನೇ. ಅದು ಅವರಿಗೆ ಗೊತ್ತಿಲ್ಲ, ಅಷ್ಟೆ. ಬುದ್ಧಿ ಬಂದಾಗಿನಿಂದ ನನ್ನ ಮನಸ್ಸು ಹರಿಯೋದು ಗಂಡಸಿನ ಕಡೆಗೇ."

ಅಂಗಳ ಗುಡಿಸುತ್ತಿದ್ದ ಓಂಕಾರ ಪೊರಕೆ ಹಿಡಿದುಕೊಂಡೇ ಬಂದ. ಮುಖ ಸಪ್ಪಗಾಗಿತ್ತು. ಆದರೂ ಹಿರಿಯ ಶಿಷ್ಯ ನೋಡಿ, ಸೋಲೊಪ್ಪುವ ಜಾತಿಯಲ್ಲ.

"ನಾಟಕ ಅಂದಮೇಲೆ ಎಲ್ಲ ಕಡೆ ಹಾಗೇ ಆಡಿಸ್ತಾರೆ ಗುರುಗಳೇ. ಪಾಠದಲ್ಲಾದರೂ ಏನಿದೆ? 'ರಾಜನು ರಾಣಿಗೆ ಒಲಿದನು.' ರಾಜನಿಗೇ ಒಲಿದನು ಅಂತ ಯಾವ ಪಾಠದಲ್ಲಿದೆ? ಗಂಡು, ಹೆಣ್ಣು ಅನ್ನೋದು ವ್ಯಾಕರಣದ ಮೊದಲ ಪಾಠ."

"ಓಹೋ, ವ್ಯಾಕರಣ!" ಗುರುಗಳ ಕಣ್ಣು ಅರಳಿತು. "ಜನ ನಕ್ಕ ಮಾತು ಯಾವುದು?"

"ನಾನು ನಿನಗೆ ಒಲಿದೆ."

ಗುರುಗಳು ಕಡ್ಡಿ ತೆಗೆದುಕೊಂಡು ಅದನ್ನು ಮರಳಿನ ಮೇಲೆ ಬರೆದರು.

"ಲಿಂಗ ಹೇಳು. 'ನಾನು' ಪುಲ್ಲಿಂಗವೋ, ಸ್ತ್ರೀಲಿಂಗವೋ?"

"ಅದು... ಯಾರು ಹೇಳಿದರೂ ನಾನು ಅಂತಲೇ."

"ನಿನಗೆ?"

"ಅದೂ ಹಾಗೇ."

"ಒಲಿದೆ?"

ಓಂಕಾರ ಮರಳಿನ ಅಕ್ಷರದ ಮೇಲೆ ಬಗ್ಗಿದ. ವರ್ಷಗಟ್ಟಲೆ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದ ಕ್ರಿಯಾಪದ ಅದು. ಅದನ್ನು ಇವತ್ತು ಮೊದಲ ಸಲ ನೋಡುತ್ತಿದ್ದಾನೆ. ಆ ಮಾತಿನಲ್ಲಿ ಎಲ್ಲಿ ಹುಡುಕಿದರೂ ಗಂಡಿಲ್ಲ, ಹೆಣ್ಣಿಲ್ಲ.

ಈ ಜಾಗಕ್ಕೆ ಬಂದರೆ ನನಗಂತೂ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಜೀವಮಾನವೆಲ್ಲ ಆಡಿಕೊಂಡು ಬಂದ ಮಾತು, ಎಷ್ಟು ದೊಡ್ಡದನ್ನು ಒಳಗಿಟ್ಟುಕೊಂಡು ಸುಮ್ಮನೆ ಕೂತಿತ್ತು!

"ಹಾಗಾದರೆ 'ಒಲಿದನು', 'ಒಲಿದಳು' ಎಲ್ಲಿಂದ ಬಂತು ಗುರುಗಳೇ?" ಓಂಕಾರನ ದನಿ ಇಳಿದಿತ್ತು.

"ಒಲಿದವರ ಬಾಯಿಂದ ಬರಲಿಲ್ಲ ಕಣಪ್ಪಾ. ಪಕ್ಕದಲ್ಲಿ ನಿಂತು ನೋಡಿದವರ ಬಾಯಿಂದ ಬಂತು."

ಚನ್ನವೀರ ಗಂಟು ಕೆಳಗಿಡಲಿಲ್ಲ.

"ಪಾಠ ಚೆನ್ನಾಗಿದೆ ಗುರುಗಳೇ. ಆದರೆ ನಾನು ಬದುಕಬೇಕಾದದ್ದು ಪಕ್ಕದಲ್ಲಿ ನಿಂತು ನೋಡೋರ ನಡುವೆ."

ಅಷ್ಟು ದೊಡ್ಡ ಪಂಡಿತರಾದ ಗುರುಗಳು ತಲೆ ತಗ್ಗಿಸಿದರು.

ಓಂಕಾರ ಪೊರಕೆ ಬಿಸಾಡಿದ. "ಚನ್ನವೀರ, ಇವತ್ತು ಸಂಜೆ ಅದೇ ನಾಟಕದ ಇನ್ನೊಂದು ಆಟ ಇದೆಯಲ್ಲ. ಅದೊಂದಕ್ಕೆ ಮದ್ದಳೆ ನುಡಿಸು. ಆಮೇಲೆ ಹೋಗೋದಾದರೆ ನಿನ್ನ ಗಂಟು ನಾನೇ ಹೊತ್ತು ತರ್ತೀನಿ."

"ಒಂದೇ ಆಟ," ಅಂದ ಚನ್ನವೀರ.

ಸಂಜೆ ನಿನ್ನೆಯ ಜನವೇ ಮತ್ತೆ ಸೇರಿತು. ನಗುವುದಕ್ಕೆಂದೇ ಬಂದವರು. ಗುರುಗಳೂ ಅವರ ನಡುವೆ ಚಾಪೆ ಹಾಸಿ ಕೂತರು.

ಬಳೆಗಾರ ಬಂದ. ಸೊಂಟ ಕುಣಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಹೆಗಲ ಮೇಲಿನ ಬಳೆಯ ಮಲಾರ ಕೆಳಗಿಳಿಸಿ ಪೈಲ್ವಾನನ ಎದುರು ನಿಂತ. ಮಾತು ಅದೇ, ಒಂದಕ್ಷರ ಬದಲಾಗಿಲ್ಲ.

"ನಾನು ನಿನಗೆ ಒಲಿದೆ."

ಯಾರೋ ಒಬ್ಬ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಪೈಲ್ವಾನನ ವೇಷದವನು ಗುದ್ದುವುದಕ್ಕೆ ಕೈ ಎತ್ತಬೇಕಿತ್ತು. ಕೈ ಏಳಲಿಲ್ಲ.

ಮುಂದುಗಡೆ ಕೂತಿದ್ದ ಚುರುಮುರಿ ಮಾರುವ ಹೂವಕ್ಕ ತಡೆಯಲಾರದೆ ಕೂಗಿದಳು: "ಅಯ್ಯೋ, ಆಮೇಲೇನಾಯ್ತು ಹೇಳ್ರೋ! ಅವನು ಏನಂದ?"

"ಹೌದು, ಏನಂದ?" ಹಿಂದಿನಿಂದ ಇನ್ನೊಂದು ದನಿ.

ಓಂಕಾರ ಬೆವೆತುಹೋದ. ರಂಗದಿಂದ ಧುಮುಕಿ ಗುರುಗಳ ಹತ್ತಿರ ಓಡಿ ಬಂದ.

"ಗುರುಗಳೇ, ಜನ ಉತ್ತರ ಕೇಳ್ತಿದ್ದಾರೆ! ನಾನು ಬರೆದದ್ದು ಅಲ್ಲಿಗೇ ಮುಗೀತು. ಗುದ್ದು ಬಿಟ್ಟರೆ ಮುಂದೆ ಏನೂ ಇಲ್ಲ. ಏನು ಹೇಳಿಸಲಿ, ನೀವೇ ಹೇಳಿ!"

ಗುರುಗಳು ರಂಗದ ಕಡೆ ನೋಡಿದರು. ಚನ್ನವೀರ ಮದ್ದಳೆಯ ಮೇಲೆ ಎರಡೂ ಕೈಯಿಟ್ಟು, ಆ ಜನವನ್ನು ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂತಿದ್ದ.

"ನನ್ನನ್ನು ಯಾಕೆ ಕೇಳ್ತೀಯಪ್ಪಾ? ಅಲ್ಲಿ ಕೂತಿದ್ದಾನಲ್ಲ, ಅವನನ್ನು ಕೇಳು."