ಗೆರೆಯೊಳಗೆ ಕೂತ ಗುರು

ನದೀತೀರದ ಆಶ್ರಮಕ್ಕೆ ಒಂದು ಬೆಳಿಗ್ಗೆ ಸಾಲ ವಸೂಲಿಯವನು ಬಂದ. ಹೆಸರು ತಿರಕಪ್ಪ. ಕೈಯಲ್ಲೊಂದು ಕೋಲು, ಸೊಂಟದಲ್ಲಿ ಹಳೇ ಸಾಲಪತ್ರ.

"ನೇಕಾರ ರಾಚಯ್ಯ ಅನ್ನೋರು ಯಾರಪ್ಪ ಇಲ್ಲಿ? ಶೆಟ್ಟರು ಕಳಿಸಿದ್ದಾರೆ."

ಅಂಗಳ ಗುಡಿಸುತ್ತಿದ್ದ ಶಿಷ್ಯ ಪೊರಕೆ ನಿಲ್ಲಿಸಿದ. ರಾಚಯ್ಯ ಅವನೇ. ಮಗ್ಗ ಹಾಕಲು ಶೆಟ್ಟರ ಹತ್ತಿರ ಅರವತ್ತು ವರಹ ತಂದಿದ್ದ. ತೀರಿಸಲಾಗದೆ ಇಲ್ಲಿಗೆ ಬಂದು ಸೇರಿದ್ದ. ದೀಕ್ಷೆಯ ದಿನ ಗುರು ಅವನಿಗೆ ವಿಮಲಾತ್ಮ ಎಂದು ಹೊಸ ಹೆಸರಿಟ್ಟಿದ್ದರು. ದೀಕ್ಷೆ ಎಂದರೆ ಮರುಹುಟ್ಟು, ಹಳೆಯವನು ಸತ್ತಂತೆ ಲೆಕ್ಕ. ಹಾಗೆಂದು ಎಲ್ಲರೂ ಹೇಳುತ್ತಾರಲ್ಲ, ಇವನೂ ಅದನ್ನೇ ಹಿಡಿದುಕೊಂಡ.

"ರಾಚಯ್ಯ ಸತ್ತು ಮೂರು ವರ್ಷ ಆಯ್ತು," ಎಂದ. ಪುಣ್ಯಾತ್ಮನ ದನಿ ಕೂಡ ನಡುಗಲಿಲ್ಲ.

ಜಗಲಿಯ ಮೇಲಿದ್ದ ಗುರು ಅದನ್ನು ಕೇಳಿಸಿಕೊಂಡು ಇಳಿದು ಬಂದರು.

"ಸತ್ತವನ ಸಾಲ ಯಾರಿಗೆ ಬರುತ್ತಪ್ಪ?" ಎಂದು ತಿರಕಪ್ಪನನ್ನು ಕೇಳಿದರು.

"ಅಪ್ಪನೋ ಮಗನೋ, ಇದ್ದೋರಿಗೆ, ಬುದ್ಧಿ."

"ದೀಕ್ಷೆ ಕೊಟ್ಟೋನು ನಾನು. ಅವನಿಗೆ ನಾನೇ ಅಪ್ಪ. ಗೆರೆ ಎಳಿ."

ಆ ಸೀಮೆಯಲ್ಲಿ ವಸೂಲಿಯ ರೀತಿ ಅದು. ಸಾಲಗಾರನ ಸುತ್ತ ನೆಲದ ಮೇಲೆ ಗೆರೆ ಎಳೆಯುತ್ತಾರೆ. ಸಾಲಕ್ಕೊಂದು ದಾರಿ ಹೇಳದೆ ಅವನು ಅದನ್ನು ದಾಟುವಂತಿಲ್ಲ.

"ನಿಮ್ಮ ಸುತ್ತ ಎಳೆದರೆ ನನ್ನ ಕೈ ಸೇದೋಗುತ್ತೆ, ಬುದ್ಧಿ."

"ನಿನ್ನ ಕೆಲಸ ನೀನು ಮಾಡು. ಅದರಲ್ಲಿ ತಪ್ಪೇನಿದೆ?"

ತಿರಕಪ್ಪ ಕೈಮುಗಿದು, ಕೋಲಿನಿಂದ ಗೆರೆ ಎಳೆದ. ಗುರು ನಡುವೆ ಕೂತರು.

ಬಿಸಿಲೇರಿತು. ಗುರುವಿಗೆ ಎಂಬತ್ತೆರಡು ವರ್ಷ. ಶಿಷ್ಯ ನೀರು ತಂದ, ಬೇಡವೆಂದರು. ತಾಳೆಗರಿಯ ಕೊಡೆ ತಂದ, ಅದೂ ಬೇಡವೆಂದರು.

"ಎದ್ದೇಳಿ, ಬುದ್ಧಿ. ಈ ಬಿಸಿಲಿಗೆ ಜೀವ ಹೋಗುತ್ತೆ."

"ಹೋದರೆ ಈ ಸಾಲ ನಿನ್ನ ತಲೆಗೇ ಬರುತ್ತೆ ನೋಡು. ನನಗಿರೋ ಮಗ ನೀನೇ," ಎಂದು ಗುರು ನಕ್ಕರು. ತುಟಿ ಒಣಗಿ ಸೀಳಿತ್ತು.

ಶಿಷ್ಯನಿಗೆ ಇನ್ನು ತಡೆಯಲಾಗಲಿಲ್ಲ. ಗೆರೆಯೊಳಗೆ ಕಾಲಿಟ್ಟು ನಿಂತ.

"ತಿರಕಪ್ಪನೋರೇ, ರಾಚಯ್ಯ ನಾನೇ. ಸುಳ್ಳು ಹೇಳಿದೆ. ಅರವತ್ತು ವರಹ ಈಗ ನನ್ನ ಹತ್ತಿರ ಇಲ್ಲ, ಆದರೆ ನೇಯೋಕೆ ಬರುತ್ತೆ. ತಿಂಗಳಿಗೆ ಒಂದು ವರಹ ಕೊಡಬಲ್ಲೆ. ಎರಡು ಅಂದರೆ ಅದೂ ಸುಳ್ಳಾಗುತ್ತೆ. ಕೊಟ್ಟಾಗೆಲ್ಲ ಪತ್ರದಲ್ಲಿ ಬರೆದು ತೋರಿಸಿ."

ತಿರಕಪ್ಪ ಕೋಲನ್ನು ಕೆಳಗಿಟ್ಟ.

"ಇಪ್ಪತ್ತು ವರ್ಷದಿಂದ ಗೆರೆ ಎಳೀತಿದ್ದೀನಿ. ಒಳಗೆ ಕೂತು ಅಳೋರನ್ನ ಕಂಡಿದ್ದೀನಿ, ಬಯ್ಯೋರನ್ನ ಕಂಡಿದ್ದೀನಿ. ಮುಖ ನೋಡಿ ಇದ್ದದ್ದು ಇದ್ದಂಗೆ ಹೇಳಿದೋನು ನೀನೊಬ್ಬ. ಆಗಲಿ, ಶೆಟ್ಟರಿಗೆ ನಾನು ಒಪ್ಪಿಸ್ತೀನಿ."

ಕೂತು, ಹೆಗಲ ಮೇಲಿನ ವಸ್ತ್ರದಿಂದ ಗೆರೆಯನ್ನು ಪೂರ್ತಿ ಒರೆಸಿದ. ಗುರುವಿಗೆ ಅಡ್ಡಬಿದ್ದು ಹೊರಟುಹೋದ.

ಶಿಷ್ಯ ಗುರುವಿನ ರಟ್ಟೆ ಹಿಡಿದು ಎಬ್ಬಿಸಿದ. ಮೈ ಸುಡುತ್ತಿತ್ತು. ಮೂರು ವರ್ಷ ಇವರ ಕಾಲಡಿಯಲ್ಲೇ ಇದ್ದೂ ಇವರು ಯಾರೆಂದು ತಿಳಿಯದೆ ಹೋದೆನಲ್ಲ ಎಂದುಕೊಂಡ.

"ನಾನು ಒಪ್ಪಿಕೊಳ್ಳದೇ ಇದ್ದಿದ್ದರೆ ಏನು ಮಾಡ್ತಿದ್ರಿ, ಬುದ್ಧಿ?"

ಗುರು ಮಂಡಿ ಉಜ್ಜಿಕೊಳ್ಳುತ್ತ ಹೇಳಿದರು:

"ನೇಯೋದು ಕಲೀತಿದ್ದೆ ಕಣಪ್ಪ."